ಅಮ್ಮ ಹೇಳಿದ ಅಳತೆ

ಫೆರ್ರಿಯ ಹಿಂಬದಿಯ ಬೆಂಚಿನ ಮೇಲೆ ತಲೆ ಬಗ್ಗಿಸಿ ಕೂತಿದ್ದ ಮಿರಾನಳ ಮೂಗಿನ ಕೆಳಗೆ ಯಾರೋ ಒಂದು ಪ್ಲಾಸ್ಟಿಕ್ ಚೀಲ ಹಿಡಿದರು.

"ಇದರಲ್ಲಿ ಮಾಡಿ. ನಾಚ್ಕೋಬೇಡಿ. ಈ ಅಲೆಗೆ ಎಂಥವರಿಗೂ ಬರುತ್ತೆ."

ಅವಳು ತಲೆ ಎತ್ತಲಿಲ್ಲ. ಒಂದು ಬೆರಳನ್ನು ಮಾತ್ರ ಮೇಲೆತ್ತಿ, ತಡೀರಿ ಎನ್ನುವಂತೆ ತೋರಿಸಿದಳು. ತುಟಿಗಳು ಪಿಟಿಪಿಟಿ ಎನ್ನುತ್ತಿದ್ದವು.

"ಅಯ್ಯೋ, ತುಂಬಾ ಆಗ್ತಿದ್ಯಾ? ಮಾತ್ರೆ ತರ್ಲಾ?"

"ಎಣಿಸ್ತಾ ಇದ್ದೆ ಕಣ್ರೀ!" ಮಿರಾನ್ ತಲೆ ಎತ್ತಿದಳು. "ಈಗ ಲೆಕ್ಕ ತಪ್ಪೋಯ್ತು. ಮತ್ತೆ ಸಾಲಿನ ತುದಿಯಿಂದ ಎಣಿಸ್ಬೇಕು. ನಂಗೆ ವಾಂತಿ ಬಂದಿಲ್ಲ, ಸಿಟ್ಟು ಬಂದಿದೆ."

ಅವಳ ಮಡಿಲಲ್ಲಿ ಕ್ರೋಶಾ ಕಡ್ಡಿ, ಹಳದಿ ಉಲ್ಲನ್ ಉಂಡೆ, ಅರ್ಧ ಹೆಣೆದ ಮಗುವಿನ ಟೋಪಿ. ಎದುರಿಗೆ ಕಿತ್ತಳೆ ಬಣ್ಣದ ದಪ್ಪ ಜಾಕೆಟ್ ತೊಟ್ಟು, ಕೆನ್ನೆಗೆ ಗ್ರೀಸ್ ಮೆತ್ತಿಕೊಂಡು ನಿಂತಿದ್ದ ಗಂಡಸು. ಅವನು ಟೋಪಿಯನ್ನು ನೋಡಿದ, ಕೈಯಲ್ಲಿದ್ದ ಚೀಲವನ್ನು ನೋಡಿದ, ಕಿವಿಯವರೆಗೂ ಕೆಂಪಾದ.

"ಸಿಟ್ಟಿಗಾದ್ರೆ ಈ ಚೀಲ ಸಾಲಲ್ಲ. ದೊಡ್ಡದು ತರ್ತೀನಿ, ಇರಿ."

ಮಿರಾನ್ ನಗಬಾರದೆಂದು ತುಟಿ ಕಚ್ಚಿದಳು. ಆಗಲಿಲ್ಲ. ಗಂಡನ ಮನೆ ಬಿಟ್ಟು ಬಂದ ಮೇಲೆ ಅವಳು ಅಷ್ಟು ಜೋರಾಗಿ ನಕ್ಕಿದ್ದು ಅದೇ ಮೊದಲು.

ಅವನ ಹೆಸರು ಜೆಹ್ವಾನ್. ಮೊಕ್ಪೊ ಬಂದರಿನಿಂದ ದ್ವೀಪಗಳಿಗೆ ಹೋಗುವ ಆ ಫೆರ್ರಿಯಲ್ಲಿ ಇಂಜಿನ್ ನೋಡಿಕೊಳ್ಳುತ್ತಿದ್ದ. ಮಿರಾನ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಉಲ್ಲನ್ ಅಂಗಡಿಯಲ್ಲಿ ಹೆಂಗಸರಿಗೆ ಕ್ರೋಶಾ ಕಲಿಸುತ್ತಿದ್ದಳು. ವಾರಕ್ಕೊಮ್ಮೆ ದ್ವೀಪದ ಹೆಂಗಸರಿಗೆ ಕಲಿಸಲು ಈ ಫೆರ್ರಿ ಹತ್ತುತ್ತಿದ್ದಳು. ಆ ದಿನದಿಂದ ಪ್ರತಿ ವಾರವೂ ಇಂಜಿನ್ನಿಗೆ ಹಿಂಬದಿಯ ಬೆಂಚಿನ ಹತ್ತಿರವೇ ಏನಾದರೊಂದು ತೊಂದರೆ ಬರತೊಡಗಿತು.

"ಇಲ್ಲಿ ಯಾವ ಇಂಜಿನ್ ಇದೆ?" ಎಂದು ಅವಳು ಕೇಳುವಳು.

"ಶಬ್ದ ಇಲ್ಲಿಂದ ಸರಿಯಾಗಿ ಕೇಳುತ್ತೆ," ಎಂದು ಅವನು ಗಂಭೀರವಾಗಿ ತಲೆಯಾಡಿಸುವನು.

ಅವನು ನೋಡುವ ರೀತಿಯೇ ಬೇರೆ. ಮೊದಲು ಅವಳ ಬೆರಳುಗಳನ್ನು ನೋಡುತ್ತಿದ್ದ. ದಾರ ಯಾವ ಬೆರಳಿನ ಮೇಲೆ ಹಾದು ಯಾವ ಬೆರಳಿನ ಕೆಳಗೆ ನುಸುಳುತ್ತದೆ ಎಂದು. ಆಮೇಲೆ ಮೆಲ್ಲಗೆ ಮೇಲೇರಿ ಅವಳ ಮುಖಕ್ಕೆ ಬರುತ್ತಿದ್ದ. ಅವಳು ಕಣ್ಣೆತ್ತಿದರೆ ಆ ಹೊತ್ತಿಗೆ ಸಮುದ್ರ ನೋಡುತ್ತಿದ್ದ. ಸಮುದ್ರದಲ್ಲಿ ನೋಡಲು ಏನೂ ಇರುತ್ತಿರಲಿಲ್ಲ.

ಹೀಗೆ ಎರಡು ಚಳಿಗಾಲ ಕಳೆಯಿತು. ಬಂದರಿನ ಹತ್ತಿರದ ಕಾಫಿ ಅಂಗಡಿಯಲ್ಲಿ ಮೂಲೆಯ ಮೇಜು ಅವರದಾಯಿತು. ಅವನು ಯಾವಾಗಲೂ ಎದುರು ಕೂರುತ್ತಿದ್ದ, ಪಕ್ಕದಲ್ಲಲ್ಲ. ಕಾರಿನಲ್ಲಿ ಗೇರ್ ಬದಲಿಸುವ ನೆಪದಲ್ಲಿ ಅವಳ ಕೈ ಹಿಡಿಯುತ್ತಿದ್ದ. ಮಾರ್ಕೆಟ್ ಹತ್ತಿರ ಬಂದೊಡನೆ ಬಿಡುತ್ತಿದ್ದ. ಅಮ್ಮನ ಫೋನ್ ಬಂದರೆ ಅರ್ಧ ಕುಡಿದ ಕಾಫಿಯನ್ನೂ ಅರ್ಧ ಆಡಿದ ಮಾತನ್ನೂ ಅಲ್ಲೇ ಬಿಟ್ಟು ಏಳುತ್ತಿದ್ದ.

"ಅಮ್ಮ ಒಬ್ಬಳೇ ನೋಡು," ಎನ್ನುತ್ತಿದ್ದ.

"ನಾನೂ ಒಬ್ಬಳೇ," ಎಂದು ಅವಳು ಒಮ್ಮೆ ಅಂದಿದ್ದಳು, ನಗುತ್ತಲೇ. ಅವನೂ ನಕ್ಕು ಜಾಕೆಟ್ಟಿನ ಜಿಪ್ ಎಳೆದುಕೊಂಡಿದ್ದ.

ಅವನ ಅಮ್ಮನನ್ನು ಅರಿಯದವರು ಆ ಮಾರ್ಕೆಟ್ಟಿನಲ್ಲಿ ಯಾರೂ ಇರಲಿಲ್ಲ. ಹುಳಿ ಬರಿಸಿದ, ಅಗಲ ರೆಕ್ಕೆಯ ಚಪ್ಪಟೆ ತೊರಕೆ ಮೀನು ಮಾರುವ ಮುದುಕಿ. ಅಂಗಡಿ ಕಣ್ಣಿಗೆ ಬೀಳುವ ಮೊದಲೇ ಮೂಗಿಗೆ ಸಿಗುತ್ತಿತ್ತು. ಗಂಡ ಸತ್ತ ಮೇಲೆ ಅದೇ ಮೀನು ಕೊಯ್ದು ಒಬ್ಬನೇ ಮಗನನ್ನು ಸಾಕಿದವಳು. ಆ ಮಗನಿಗೆ ಗಂಡನನ್ನು ಬಿಟ್ಟು ಬಂದವಳೊಬ್ಬಳು ಗಂಟುಬೀಳುವುದನ್ನು ಅವಳು ಒಪ್ಪುತ್ತಾಳೆಯೇ? ಆ ಪ್ರಶ್ನೆಯನ್ನು ಇಬ್ಬರೂ ಬಾಯಿಬಿಟ್ಟು ಕೇಳಿಕೊಂಡಿರಲಿಲ್ಲ.

ಶರತ್ಕಾಲದ ಒಂದು ಸಂಜೆ ಜೆಹ್ವಾನ್ ತಾನಾಗಿಯೇ ಹೇಳಿದ.

"ಅಮ್ಮನಿಗೆ ಎಪ್ಪತ್ತು ತುಂಬುತ್ತೆ. ಹಾಲ್ ಹಿಡಿದು ಊಟ ಹಾಕಿಸ್ತಿದ್ದೀವಿ. ನೀನೂ ಬಾ."

"ಏನಂತ ಬರ್ಲಿ?"

ಅವನು ಕಾಫಿಯೊಳಗೆ ಚಮಚ ತಿರುಗಿಸಿದ. "ಬಾ ಅಂದ್ನಲ್ಲ. ಅವತ್ತು ಹೇಳ್ತೀನಿ ಅಮ್ಮಂಗೆ. ಎಲ್ಲರ ಎದುರಿಗೇ ಹೇಳ್ತೀನಿ."

ಮಿರಾನ್ ಆ ಸಂಜೆ ಮನೆಗೆ ನಡೆದು ಹೋಗಲಿಲ್ಲ, ತೇಲಿ ಹೋದಳು. ಮರುದಿನವೇ ಕಡುನೀಲಿ ಉಲ್ಲನ್ನಿನ ಉಂಡೆಗಳನ್ನು ಆರಿಸಿ ತನ್ನ ಬುಟ್ಟಿಗೆ ಹಾಕಿಕೊಂಡಳು. ಆ ದಿನ ಅವನು ಕಿತ್ತಳೆ ಜಾಕೆಟ್ ಬಿಚ್ಚಿಟ್ಟು, ತಾನು ಹೆಣೆದ ಸ್ವೆಟರ್ ತೊಟ್ಟು, ತನ್ನ ಪಕ್ಕ ನಿಲ್ಲಬೇಕು.

ಉಲ್ಲನ್ ಅಂಗಡಿಯ ಒಡತಿ ಒಕ್‌ಬುನ್ ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಕಾಲು ಚಾಚಿ ಸುಟ್ಟ ಗೆಣಸಿನ ಸಿಪ್ಪೆ ಸುಲಿಯುತ್ತಿದ್ದಳು. ಅರವತ್ತು ದಾಟಿದ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುವುದು.

"ಅಳತೆ ತಗೊಂಡ್ಯೇನೇ?"

"ಇಲ್ಲ ಅಕ್ಕ. ಗೊತ್ತಾಗ್ಬಾರ್ದು ಅವರಿಗೆ. ಅಂದಾಜಲ್ಲಿ ಮಾಡ್ತೀನಿ."

"ಬೇರೆಯವರಿಗೆಲ್ಲ ಪಾಠ ಹೇಳ್ತೀಯ, ಮೊದಲು ಸಣ್ಣ ತುಂಡು ಹೆಣೆದು ನೋಡಿ, ಮೈಮೇಲೆ ಟೇಪು ಇಟ್ಟು ನೋಡಿ ಅಂತ. ನಿನ್ನ ಪಾಲಿಗೆ ಬಂದಾಗ ಅಂದಾಜಾ? ಎರಡು ವರ್ಷ ಆಯ್ತಲ್ಲೇ, ಅವನ ಎದೆ ಎಷ್ಟಗಲ ಇದೆ ಅಂತ ಗೊತ್ತಿಲ್ವಾ?"

ಮಿರಾನ್ ಅವನನ್ನು ನೆನೆಸಿಕೊಳ್ಳಲು ನೋಡಿದಳು. ಕಣ್ಣು ಮುಚ್ಚಿದರೆ ಅವನ ಬೆರಳು ಕಾಣುತ್ತಿತ್ತು, ಕಿವಿಯ ಹಿಂದಿನ ಮಚ್ಚೆ ಕಾಣುತ್ತಿತ್ತು. ಕುತ್ತಿಗೆಯಿಂದ ಕೆಳಗೆ ಬರೀ ಕಿತ್ತಳೆ ಬಣ್ಣದ ಜಾಕೆಟ್.

"ಸಮುದ್ರದ ಗಾಳಿ ಚಳಿ ಅಲ್ವಾ ಅಕ್ಕ," ಅಂದಳು. "ಬೇಸಿಗೇಲೂ ಅದೇ ದಪ್ಪ ಜಾಕೆಟ್."

ಒಕ್‌ಬುನ್ ಗೆಣಸನ್ನು ಅರ್ಧ ಮುರಿದು ಅವಳ ಕೈಗಿಟ್ಟಳು.

ಅವನ ಅಮ್ಮನನ್ನೇ ಕೇಳಿದರೆ ಹೇಗೆ ಎಂಬ ಯೋಚನೆ ಮಿರಾನಳಿಗೆ ಬಂದದ್ದು ಹಾಗೆ. ಅಳತೆಯೂ ಸಿಗುತ್ತದೆ, ಮುಖ ಪರಿಚಯವೂ ಆಗುತ್ತದೆ. ತುಟಿಗೆ ತೆಳ್ಳಗೆ ಬಣ್ಣ ಹಚ್ಚಿ, ಮತ್ತೆ ಒರೆಸಿ, ಮೀನಿನ ಅಂಗಡಿಗೆ ಹೋದಳು. ಒಂದು ಪೊಟ್ಟಣ ತೊರಕೆ ಕೊಂಡಳು. ಆಮೇಲೆ ಎರಡೂ ಕೈ ಜೋಡಿಸಿ ಬಗ್ಗಿದಳು.

"ಅಮ್ಮಾ, ನಾನು ಉಲ್ಲನ್ ಅಂಗಡಿಯಲ್ಲಿ ಕಲಿಸ್ತೀನಿ. ನಿಮ್ಮ ಮಗನಿಗೆ ಒಂದು ಸ್ವೆಟರ್ ಹೆಣೀಬೇಕಿತ್ತು. ಅವರಿಗೆ ಗೊತ್ತಾಗ್ಬಾರ್ದು. ಅಳತೆ..."

ಮುದುಕಿ ಚೂರಿ ಕೆಳಗಿಟ್ಟಳು. ಅವಳ ನೋಟ ಮಿರಾನಳ ಮುಖದಿಂದ ಹೊರಟು ಚಪ್ಪಲಿಯವರೆಗೆ ಇಳಿಯಿತು, ಅವಸರವಿಲ್ಲದೆ ಮತ್ತೆ ಮೇಲೆ ಬಂತು.

"ಯಾರು ಹೆಣಿಯೋಕೆ ಹೇಳಿದ್ದು?"

"ಯಾರೂ ಇಲ್ಲ. ನಾನೇ."

"ಓಹೋ." ಮುದುಕಿಯ ಮುಖದಲ್ಲಿ ಏನೂ ಕದಲಲಿಲ್ಲ. "ಕೊಡು ಇಲ್ಲಿ, ಟೇಪು."

ಒದ್ದೆ ಕೈಯಲ್ಲೇ ಟೇಪು ಹಿಡಿದು, ಇಷ್ಟು ಭುಜ, ಇಷ್ಟು ಎದೆ, ತೋಳು ಇಷ್ಟುದ್ದ ಎಂದು ಹೆಬ್ಬೆರಳು ಒತ್ತಿ ಒತ್ತಿ ತೋರಿಸಿದಳು. ಒಂದು ಕಡೆಯೂ ತಡವರಿಸಲಿಲ್ಲ. ಮಿರಾನ್ ಮೂರು ಸಲ ಥ್ಯಾಂಕ್ಸ್ ಹೇಳಿ, ಬಗ್ಗಿ ಬಗ್ಗಿ ಹಿಂದೆ ಸರಿದು ಬಂದಳು.

ಹೆಣೆಯುತ್ತ ಹೋದಂತೆ ಸ್ವೆಟರ್ ಬೆಳೆಯಿತು. ತುಂಬಾ ಬೆಳೆಯಿತು. ಭುಜದ ಭಾಗ ಮುಗಿದಾಗ ಗೋಡೆಗೆ ಹಿಡಿದು ನೋಡಿದಳು, ಇಷ್ಟಗಲವೇ? ಒಕ್‌ಬುನ್ ಪಕ್ಕದಿಂದ ಅಂದಳು, "ಇದು ಮನುಷ್ಯನಿಗಾ, ಗೂಳಿಗಾ?"

"ಹೆತ್ತ ಅಮ್ಮ ಕೊಟ್ಟ ಅಳತೆ ಅಕ್ಕ. ಸಮುದ್ರದ ಮೇಲೆ ದುಡಿಯೋರು, ಭುಜ ಅಗಲ ಇರುತ್ತೆ."

"ನೀನು ನೋಡಿದ್ದೀಯಾ?"

ಮಿರಾನ್ ಮುಖ ತಿರುಗಿಸಿ ಮುಂದಿನ ಸಾಲು ಹಿಡಿದಳು. ಅನುಮಾನ ಬಂದಾಗಲೆಲ್ಲ ಅದನ್ನು ನಂಬಿಕೆಯಿಂದ ಮುಚ್ಚಿದಳು. ದೊಡ್ಡ ಎದೆ, ದೊಡ್ಡ ತೋಳು. ಅದರೊಳಗೆ ತನಗೂ ಜಾಗವಿರುತ್ತದೆ ಎಂದುಕೊಂಡಾಗ ಒಬ್ಬಳೇ ಕೂತಿದ್ದರೂ ನಾಚಿಕೆಯಾಗುತ್ತಿತ್ತು.

ಹುಟ್ಟುಹಬ್ಬದ ದಿನ ಹಾಲ್ ಬಾಗಿಲಲ್ಲಿ ಜೆಹ್ವಾನ್ ಅತಿಥಿಗಳನ್ನು ಎದುರುಗೊಳ್ಳುತ್ತಿದ್ದ. ಕಪ್ಪು ಕೋಟು, ಬಿಳಿ ಅಂಗಿ. ಮಿರಾನ್ ಅವನನ್ನು ಆ ಜಾಕೆಟ್ ಇಲ್ಲದೆ ನೋಡಿದ್ದು ಅದೇ ಮೊದಲು. ಎಷ್ಟು ಸಣಕಲು ಮನುಷ್ಯ! ಸ್ವೆಟರಿನ ಪೊಟ್ಟಣವನ್ನು ಬೆನ್ನ ಹಿಂದೆ ಅಡಗಿಸಲು ಹೋದಳು; ಅಷ್ಟರಲ್ಲಿ ಅವನು ಕಿತ್ತುಕೊಂಡಾಗಿತ್ತು.

"ನಂಗಾ? ನೀನೇ ಹೆಣೆದಿದ್ದಾ?" ಅವನ ಕಣ್ಣುಗಳು ಮಗುವಿನ ಕಣ್ಣಿನಂತೆ ಹೊಳೆದವು. "ಅದಕ್ಕೇನಾ ಇಷ್ಟು ದಿನ ಬುಟ್ಟಿ ಮುಚ್ಚಿಡ್ತಿದ್ದಿದ್ದು, ಕಳ್ಳಿ?"

"ಈಗ ಬೇಡ. ಆಮೇಲೆ ನೋಡಿ. ಸ್ವಲ್ಪ..."

ಅವನು ಕೋಟು ಬಿಚ್ಚಿ ಸ್ವೆಟರನ್ನು ಅಲ್ಲೇ ತಲೆಯ ಮೇಲಿಂದ ಎಳೆದುಕೊಂಡ. ಅದರ ಕುತ್ತಿಗೆ ಒಂದು ಭುಜದಿಂದ ಜಾರಿತು. ತೋಳಿನೊಳಗೆ ಕೈಗಳು ಮಾಯವಾದವು. ಅಂಚು ತೊಡೆಯ ಅರ್ಧಕ್ಕೆ ಬಂತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನೇ ಮೊದಲು ನಕ್ಕ, ಮೆತ್ತಗೆ, ಅವಳಿಗೆ ಮಾತ್ರ ಕೇಳುವಂತೆ. "ಅವತ್ತು ಸಿಟ್ಟಿಗೆ ದೊಡ್ಡ ಚೀಲ ತರ್ತೀನಿ ಅಂದಿದ್ನಲ್ಲ, ಅದನ್ನ ನೀನೇ ಹೆಣೆದು ತಂದ್ಯಾ?"

ಅವಳಿಗೂ ನಗು ಬಂತು, ಜೊತೆಗೇ ಕಣ್ಣೀರು. ಆ ಗಳಿಗೆಯಲ್ಲಿ ಎಲ್ಲವೂ ಸರಿಹೋಗುವಂತಿತ್ತು.

ಅಷ್ಟರಲ್ಲಿ ಅವನ ಚಿಕ್ಕಮ್ಮ ಬಂದು, "ಎಲ್ಲಿ ಹೋದ್ಯೋ, ಅಮ್ಮಂಗೆ ನಮಸ್ಕಾರ ಮಾಡೋ ಹೊತ್ತಾಯ್ತು," ಎಂದು ಅವನ ತೋಳು ಹಿಡಿದು ಒಳಗೆ ಎಳೆದುಕೊಂಡು ಹೋದಳು. ಸ್ವೆಟರ್ ಬಿಚ್ಚಲು ಪುರುಸೊತ್ತಾಗಲಿಲ್ಲ. ಹಣ್ಣು, ಅಕ್ಕಿ ಕಡುಬುಗಳ ಗೋಪುರದ ಹಿಂದೆ ರೇಷ್ಮೆ ಉಟ್ಟು ಕೂತಿದ್ದ ಅಮ್ಮನ ಎದುರು, ಹಾಲ್ ತುಂಬ ನೆರೆದ ನೆಂಟರ ಎದುರು, ಅವನು ಉದ್ದ ತೋಳು ನೇತಾಡಿಸಿಕೊಂಡು ನಿಂತ. ಮೊದಲು ಒಬ್ಬರು ನಕ್ಕರು. ಆಮೇಲೆ ಎಲ್ಲರೂ.

"ಏನೋ ಇದು, ಅಂಬಿಗರ ಹಾಯಿ ಕಿತ್ಕೊಂಡು ಬಂದ್ಯಾ?" ಎಂದು ಯಾವನೋ ಮಾವ ಕೂಗಿದ.

ಮಿರಾನ್ ಬಾಗಿಲ ಹತ್ತಿರದ ಕಂಬಕ್ಕೆ ಒರಗಿ ನಿಂತಿದ್ದಳು. ಮುದುಕಿಯ ಕಣ್ಣು ಒಮ್ಮೆ ಅವಳ ಮೇಲೆ ಹಾದು ಮಗನ ಮೇಲೆ ನಿಂತಿತು.

"ಯಾರು ಹೆಣೆದದ್ದಪ್ಪ ಇದನ್ನ?" ಅಮ್ಮ ಕೇಳಿದಳು. ಜೋರಾಗಿಯೇನಲ್ಲ. ಆದರೆ ನಗು ನಿಂತಿತು.

ಜೆಹ್ವಾನ್ ಬಾಗಿಲ ಕಡೆ ನೋಡಿದ. ಅವಳ ಕಣ್ಣಿಗೆ ಕಣ್ಣು ಸಿಕ್ಕಿತು. ಹೇಳು, ಎಂದು ಮಿರಾನಳ ಇಡೀ ಮೈ ಅಂದಿತು. ಅವನ ತುಟಿ ತೆರೆಯಿತು ಕೂಡ.

"ಮಾರ್ಕೆಟ್ಟಲ್ಲಿ ಉಲ್ಲನ್ ಅಂಗಡಿ ಇದೆಯಲ್ಲಮ್ಮ," ಅಂದ. "ಅಲ್ಲಿಯವರು. ಆರ್ಡರ್ ಕೊಟ್ಟಿದ್ದೆ. ಅಳತೆ ತಪ್ಪಿಸಿಬಿಟ್ಟಿದ್ದಾರೆ."

"ದಂಡ ಹಾಕ್ಸೋ ಅವರಿಗೆ!" ಎಂದ ಅದೇ ಮಾವ. ಮತ್ತೆ ನಗು. ಜೆಹ್ವಾನ್ ಕೂಡ ನಕ್ಕ. ಸ್ವೆಟರನ್ನು ತಲೆಯ ಮೇಲಿಂದ ತೆಗೆದು ಕುರ್ಚಿಯ ಬೆನ್ನಿಗೆ ಎಸೆದ, ಕೋಟು ತರಿಸಿ ಹಾಕಿಕೊಂಡ, ಅಮ್ಮನಿಗೆ ಹಣೆ ನೆಲಕ್ಕೆ ತಾಗುವಂತೆ ನಮಸ್ಕಾರ ಮಾಡಿದ.

ಎಲ್ಲರೂ ಸೂಪು ಕುಡಿಯಲು ಕೂತಾಗ ಮಿರಾನ್ ಆ ಕುರ್ಚಿಯ ಹತ್ತಿರ ಹೋಗಿ ಸ್ವೆಟರ್ ಎತ್ತಿಕೊಂಡಳು. ಯಾರೂ ಏನೂ ಕೇಳಲಿಲ್ಲ. ಅಂಗಡಿಯವಳು ತಪ್ಪಾದ ಮಾಲು ವಾಪಸು ಒಯ್ಯುತ್ತಿದ್ದಾಳೆ, ಅಷ್ಟೇ.

ಮರುದಿನ ಬೆಳಿಗ್ಗೆ ಅವಳು ಮೀನಿನ ಅಂಗಡಿಗೆ ಹೋದಾಗ ಬಗ್ಗಲಿಲ್ಲ.

"ಯಾಕಮ್ಮಾ ಹಾಗೆ ಮಾಡಿದ್ರಿ? ಇಷ್ಟ ಇಲ್ಲ ಅಂದ್ರೆ ಮುಖದ ಮೇಲೆ ಹೇಳ್ಬಹುದಿತ್ತು."

ಮುದುಕಿ ತೊರಕೆಯ ರೆಕ್ಕೆ ಕೊಯ್ಯುತ್ತಲೇ ಇದ್ದಳು. "ಇಷ್ಟ ಇಲ್ಲ. ಈಗ ಹೇಳಿದ್ನಲ್ಲ. ಗಂಡನ್ನ ಬಿಟ್ಟು ಬಂದೋಳು ನನ್ನ ಮಗನಿಗೆ ಬೇಡ. ಆದ್ರೆ ಅಳತೆ ಸುಳ್ಳು ಹೇಳ್ಬೇಕು ಅಂತ ನಾನು ಕಾದಿರಲಿಲ್ಲ. ನೀನೇ ಬಂದು ಕೇಳಿದೆ. ಆಗ ನಂಗೆ ನಗು ಬಂತು."

"ನಗು ಯಾಕೆ?"

"ಒಂದು ಗಂಡಸನ್ನ ತಬ್ಕೊಂಡಿರೋ ಹೆಂಗಸು ಅವನ ಎದೆ ಅಳತೆ ಕೇಳೋಕೆ ಅವನ ಅಮ್ಮನ ಹತ್ರ ಬರ್ತಾಳೇನೇ?"

ಮುದುಕಿ ಚೂರಿಯನ್ನು ಬಟ್ಟೆಯಲ್ಲಿ ಒರೆಸಿ ಪಕ್ಕಕ್ಕಿಟ್ಟಳು. ಈಗ ಅವಳ ದನಿ ಕೊಂಚ ಇಳಿದಿತ್ತು.

"ಇಲ್ಲದ ಲೆಕ್ಕ ಕಟ್ಟಿ ಹೇಳೋಕೆ ನಂಗೆ ಬರಲ್ಲ. ಅವನ ಅಪ್ಪನ ಅಳತೆ ಹೇಳಿದೆ. ಆ ಮನುಷ್ಯ ನನ್ನನ್ನ ಕಟ್ಕೋತೀನಿ ಅಂದಾಗ ಅವನ ಮನೆಯವರು ಹೊಡೆದು ಹೊರಗೆ ಹಾಕಿದ್ರು. ಮೀನು ನಾರೋಳ ಮಗಳು ಅಂತ. ರಕ್ತ ಸೋರ್ತಾ ನಮ್ಮ ಬಾಗಿಲಿಗೆ ಬಂದು ನಿಂತಿದ್ದ. ಜಗತ್ತಿಗೇ ಕೇಳೋ ಹಾಗೆ ನನ್ನ ಹೆಸರು ಹಿಡಿದು ಕೂಗಿದ." ಅವಳು ಕೊಯ್ದ ತುಂಡುಗಳನ್ನು ತಟ್ಟೆಗೆ ಜೋಡಿಸಿದಳು. "ನಿನ್ನೆ ನಾನು ಕೇಳಿದ್ದು ಯಾಕೆ ಗೊತ್ತಾ? ಹೇಳ್ತಾನೇನೋ ನೋಡೋಣ ಅಂತ. ಹೇಳಿಬಿಟ್ಟಿದ್ರೆ ಅಷ್ಟು ಜನರ ಎದುರು ನಾನು ಏನು ಮಾಡೋಕಾಗ್ತಿತ್ತು? ನುಂಗ್ಕೋತಿದ್ದೆ."

"ನೀವೇ ಅಲ್ವಾ ಅವರನ್ನ ಹಾಗೆ ಬೆಳೆಸಿದ್ದು?"

ಆ ಮಾತು ಮುದುಕಿಗೆ ತಾಗಿತು. ಚೂರಿ ಮತ್ತೆ ಕೈಗೆ ಬಂತು.

"ಹೂಂ. ನಾನೇ," ಅಂದಳು. "ಹೋಗು ಇನ್ನ. ಗಿರಾಕಿ ಬರೋ ಹೊತ್ತು."

ಮಿರಾನ್ ಅಲ್ಲಿಂದ ನೇರ ಬಂದರಿಗೆ ಹೋದಳು. ಫೆರ್ರಿ ಹೊರಡಲು ಇನ್ನೂ ಸ್ವಲ್ಪ ಹೊತ್ತಿತ್ತು. ಕಿತ್ತಳೆ ಜಾಕೆಟ್ ಅವಳನ್ನು ಕಂಡೊಡನೆ ಓಡಿ ಬಂತು.

"ನಿನ್ನೆಯಿಂದ ಫೋನ್ ಮಾಡ್ತಿದ್ದೀನಿ. ತಪ್ಪಾಯ್ತು. ಆ ಜನ, ಆ ನಗು, ಅಮ್ಮನ ಮುಖ... ಬಾಯಿಗೆ ಬಂದಿದ್ದು ಅಂದುಬಿಟ್ಟೆ. ನಂಗೆ ನೀನಂದ್ರೆ ಎಷ್ಟು ಇಷ್ಟ ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು," ಅಂದಳು ಮಿರಾನ್. ಅದು ಸುಳ್ಳಾಗಿರಲಿಲ್ಲ. ಅದೇ ಅವಳ ಸಂಕಟ.

"ನಿನ್ನ ಬಿಟ್ಟು ಇನ್ಯಾರನ್ನೂ ಕಟ್ಕೊಳ್ಳಲ್ಲ. ದೇವರಾಣೆಗೂ. ಅಮ್ಮನಿಗೆ ವಯಸ್ಸಾಯ್ತು ಮಿರಾನ್. ಅವಳಿರೋವರೆಗೆ ಸ್ವಲ್ಪ ತಡ್ಕೋ. ಆಮೇಲೆ ನಾವಿಬ್ಬರೇ."

ಅಮ್ಮ ಸಾಯುವುದನ್ನು ಕಾಯುತ್ತ ಕಾಫಿ ಅಂಗಡಿಯ ಮೂಲೆಯಲ್ಲಿ ಕೂರುವುದು. ಅದನ್ನು ಅವನು ಎಷ್ಟು ಮೃದುವಾಗಿ, ಎಷ್ಟು ಪ್ರೀತಿಯಿಂದ ಹೇಳಿದ! ಮಿರಾನ್ ಒಂದು ಹೆಜ್ಜೆ ಮುಂದೆ ಬಂದು ಅವನ ಜಾಕೆಟ್ಟಿನ ಜಿಪ್ ಕೆಳಗೆಳೆದಳು. ಎರಡೂ ತೋಳುಗಳನ್ನು ಒಳಗೆ ತೂರಿಸಿ ಅವನನ್ನು ತಬ್ಬಿಕೊಂಡಳು.

ಅವಳ ಕೈಗಳು ಅವನ ಬೆನ್ನ ಹಿಂದೆ ಸುಲಭವಾಗಿ ಕೂಡಿದವು, ಕೂಡಿದ ಮೇಲೂ ಮಿಕ್ಕವು. ತೆಳ್ಳನೆಯ ಅಂಗಿಯೊಳಗೆ ಪಕ್ಕೆಲುಬು, ಬೆಚ್ಚಗೆ, ಹಕ್ಕಿಯ ಮೈಯಂತೆ. ಎಷ್ಟು ಸಣ್ಣದು. ಎಷ್ಟು ಬೇಕಾದದ್ದು. ಇಷ್ಟು ದಿನ ಇಲ್ಲೇ ಇತ್ತು.

ಡೆಕ್ಕಿನ ಮೇಲಿಂದ ಯಾರೋ ಸಿಳ್ಳೆ ಹಾಕಿದರು. ಅವನ ಮೈ ಸೆಟೆದುಕೊಂಡಿತು. ಅವಳ ಭುಜದ ಮೇಲಿಂದ ಅವನು ಯಾರ್‍ಯಾರು ನೋಡುತ್ತಿದ್ದಾರೆ ಎಂದು ಕತ್ತು ತಿರುಗಿಸಿ ಹುಡುಕುವುದು ಅವಳ ಕೆನ್ನೆಗೆ ಗೊತ್ತಾಯಿತು. ಅವನ ಕೈಗಳು ಅವಳ ಬೆನ್ನಿಗೆ ಬರಲೇ ಇಲ್ಲ.

"ಜನ ಇದ್ದಾರೆ," ಎಂದು ಪಿಸುಗುಟ್ಟಿದ.

"ಹೌದು," ಎಂದು ಅವಳು ತೋಳು ಸಡಿಲಿಸಿದಳು. ಜಿಪ್ಪನ್ನು ತಾನೇ ಮೇಲಕ್ಕೆಳೆದು ಕುತ್ತಿಗೆಯವರೆಗೂ ಮುಚ್ಚಿದಳು, ಮಗುವಿಗೆ ಮುಚ್ಚುವಂತೆ. ಆಮೇಲೆ ಚೀಲದಿಂದ ಸ್ವೆಟರ್ ತೆಗೆದು ಚಾಚಿದಳು. "ತಗೊಳ್ಳಿ. ನಿಮಗೇ ಅಂತ ಹೆಣೆದದ್ದು. ಇಂಜಿನ್ ರೂಮಿನಲ್ಲಿ ಹಾಕ್ಕೊಳ್ಳಿ, ಅಲ್ಲಿ ಯಾರೂ ನಗಲ್ಲ."

ಅವನು ಕೈ ಚಾಚಿದ. ಅರ್ಧದಲ್ಲಿ ನಿಲ್ಲಿಸಿದ.

"ಮನೆಗೆ ತಗೊಂಡು ಹೋದ್ರೆ ಅಮ್ಮ ನೋಡ್ತಾಳೆ. ಸದ್ಯಕ್ಕೆ... ನಿನ್ನ ಹತ್ರಾನೇ ಇರ್ಲಿ. ಅಳತೆ ಸರಿ ಮಾಡಿ ಇಟ್ಟಿರು. ಆಮೇಲೆ ತಗೋತೀನಿ."

ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಕಿವಿಯ ಹಿಂದಿನ ಮಚ್ಚೆ, ಗ್ರೀಸ್ ಮೆತ್ತಿದ ಕೆನ್ನೆ, ಮೊದಲ ದಿನದಂತೆಯೇ ಕೆಂಪೇರಿದ ಕಿವಿ. ಕೆಟ್ಟವನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು.

"ಕ್ರೋಶಾದಲ್ಲಿ ಕತ್ತರಿಸಿ ಸಣ್ಣದು ಮಾಡೋಕಾಗಲ್ಲ," ಅಂದಳು. "ಪೂರ್ತಿ ಬಿಚ್ಚಿ ಮೊದಲಿಂದ ಹೆಣೀಬೇಕು. ನಾನು ಬಿಚ್ಚಲ್ಲ. ಹೊರಡಿ, ಹೊತ್ತಾಯ್ತು."

"ಬರೋ ವಾರ ಬರ್ತೀಯಲ್ಲ? ಹಿಂಬದಿ ಬೆಂಚಿಗೆ?"

"ಇಲ್ಲ. ದ್ವೀಪದವರಿಗೆ ಬೇರೆ ಟೀಚರ್ ಕಳಿಸೋಕೆ ಹೇಳ್ತೀನಿ."

"ಮಿರಾನ್..."

ಫೆರ್ರಿಯ ಹಾರನ್ ಕೂಗಿತು. ಅವನು ಹಡಗನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಹಡಗನ್ನು ನೋಡಿದ. ಅವನ ಬಾಯಿಗಿಂತ ಮೊದಲೇ ಕಾಲುಗಳು ಹಡಗಿನ ಕಡೆ ಓಡಿ ಉತ್ತರ ಕೊಟ್ಟವು.

ಹಗ್ಗ ಬಿಚ್ಚಿ ಹಡಗು ದಡ ಬಿಟ್ಟಿತು. ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಚುಕ್ಕೆಯೊಂದು ನಿಂತೇ ಇತ್ತು. ಈಗ ಯಾರೂ ಹತ್ತಿರವಿಲ್ಲದಾಗ ಅದು ಕೈಯೆತ್ತಿ ಬೀಸಿತು, ಜೋರಾಗಿ, ಎರಡೂ ಕೈಯಲ್ಲಿ.

ಸಮುದ್ರದ ಕಡೆಯಿಂದ ಗಾಳಿ ಕೊರೆಯುತ್ತಿತ್ತು. ಮಿರಾನ್ ಕೋಟಿನ ಮೇಲೆಯೇ ಸ್ವೆಟರ್ ಏರಿಸಿದಳು. ಮೊಣಕಾಲಿನವರೆಗೆ ಬಂತು. ಒಳ್ಳೆಯ ಉಲ್ಲನ್, ಒತ್ತಾದ ಹೆಣಿಗೆ. ಒಂದು ಕಣ್ಣಿಯೂ ತಪ್ಪಿರಲಿಲ್ಲ. ಬಂದರಿನ ಏರುರಸ್ತೆಯಲ್ಲಿ ಕಿತ್ತಳೆ ಹಣ್ಣು ಮಾರುವ ಹೆಂಗಸು ಅವಳನ್ನು ನೋಡಿ ಬಾಯಗಲಿಸಿದಳು.

"ಏನವ್ವಾ, ಗಂಡನ ಸ್ವೆಟರಾ? ಎಂಥಾ ಆಳು ಇದ್ದಾನೆ!"

"ಇಲ್ಲಮ್ಮ," ಅಂದಳು ಮಿರಾನ್. "ಅಂಥಾ ಆಳು ಇಲ್ಲ. ನಂದೇ ಇದು."

ಹೆಂಗಸು ನಕ್ಕು ಎರಡು ಹಣ್ಣು ಅವಳ ಕೈಗೆ ಹಾಕಿದಳು. ಮಿರಾನ್ ಏರು ಹತ್ತಿದಳು. ತಿರುವಿನಲ್ಲಿ, ಬಂದರು ಕಾಣದಾದ ಮೇಲೆ ಅತ್ತಳು. ಒರೆಸಿಕೊಳ್ಳುವುದಕ್ಕೆ ತೋಳು ಬೇಕಾದಷ್ಟು ಉದ್ದವಿತ್ತು.